ಬಂಡೆ ಮೇಲಿಂದ ನೋಡುವ ಕವಾಯತು

ಹನುಮಂತರಾಯಪ್ಪ ಮೇಷ್ಟ್ರ ಬೂಟಿನ ಹಿಮ್ಮಡಿಗೆ ಲಾಳ ಇತ್ತು. ಎತ್ತಿನ ಕಾಲಿಗೆ ಹೊಡೆಯುವಂಥದ್ದಲ್ಲ; ಹಿಂದಿನ ಕಾಲದ ಪೊಲೀಸರ ಬೂಟಿಗೆ ಇರುತ್ತಿತ್ತಲ್ಲ, ಅಂಥ ಅರ್ಧಚಂದ್ರದ ಕಬ್ಬಿಣದ ಪಟ್ಟಿ. ಸಿರಾದಲ್ಲಿ ಒಬ್ಬ ಸಾಬರು ಅದನ್ನು ಮೊಳೆ ಹೊಡೆದು ಕೂರಿಸಿಕೊಡುತ್ತಿದ್ದರಂತೆ. ಶಾಲೆಯ ಸಿಮೆಂಟಿನ ಕಾರಿಡಾರಿನಲ್ಲಿ ಅವರು ನಡೆದು ಬರುತ್ತಿದ್ದರೆ ಹತ್ತನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಗಲಾಟೆ ಒಂದೊಂದಾಗಿ ಆರಿಕೊಂಡು ಬರುತ್ತಿತ್ತು. ಅಂಥ ಮನುಷ್ಯ, ನಿವೃತ್ತಿಗೆ ವರ್ಷವೂ ಇಲ್ಲದಿರುವಾಗ, ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಅದೇ ಕಾರಿಡಾರಿನಲ್ಲಿ ಕೈ ಹಿಂದೆ ಕಟ್ಟಿಕೊಂಡು, ಮುಖ ಗಂಟಿಕ್ಕಿಕೊಂಡು, ಸುಮಾರು ನೂರು ವರ್ಷದ ಹಿಂದಿನ ಅಮೆರಿಕದ ಸಿನಿಮಾ ಕುಣಿತವೊಂದನ್ನು ಕುಣಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಕಾರಣ ನಾನೇ.

ನನ್ನ ಊರು ಹೊಳವನಹಳ್ಳಿ. ಇಂಗ್ಲಿಷ್ ಟೀಚರಾಗಿ ನನ್ನ ಮೊದಲ ಪೋಸ್ಟಿಂಗ್ ಐ.ಡಿ.ಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಆಯಿತು. ಎರಡು ಬಸ್ಸು ಬದಲಾಯಿಸಿ ಹೋದ ಮೊದಲ ದಿನ ಗೇಟಿನಲ್ಲಿ ಸಿಕ್ಕವರೇ ಈ ಪಿ.ಟಿ. ಮೇಷ್ಟ್ರು. ಕಡ್ಡಿಯಂಥ ಆಳು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ದಾರ, ದಾರದ ತುದಿಯ ಸೀಟಿ ಜೇಬಿನೊಳಗೆ. "ಎಡಗಡೆಯಿಂದ ಬನ್ನಿ ಮೇಡಂ. ಬಲಗಡೆ ಗೆರೆ ಹಾಕಿವ್ನಿ" ಎಂದರು. ಸ್ವಾಗತವೋ ಎಚ್ಚರಿಕೆಯೋ ತಿಳಿಯದೆ ಎಡಗಡೆಯಿಂದಲೇ ಹೋದೆ.

ಗೆರೆ ಎಂದರೆ ಅವರಿಗೆ ಪ್ರಾಣ. ಒಂದು ಗೂಟ, ಒಂದು ಹಗ್ಗ, ಒಂದು ಬಕೆಟ್ ಸುಣ್ಣದ ಪುಡಿ ಇದ್ದರೆ ಮೈದಾನದಲ್ಲಿ ಎಂಥ ಚಕ್ರವನ್ನಾದರೂ ಬರೆಯುತ್ತಿದ್ದರು. ಬಿಸಿಯೂಟಕ್ಕೆ ಕೂತ ಮಕ್ಕಳ ತಟ್ಟೆಗಳು ಸಾಲಾಗಿರಬೇಕು, ಕ್ಲಾಸಿನ ಹೊರಗೆ ಬಿಟ್ಟ ಚಪ್ಪಲಿಗಳು ಸಾಲಾಗಿರಬೇಕು. ಸ್ಟಾಫ್ ರೂಮಿನ ಮೂಲೆಯಲ್ಲಿ ನಾವು ಒರಗಿಸಿದ ಕೊಡೆಗಳನ್ನೂ ಅವರು ಎತ್ತರದ ಪ್ರಕಾರ ಜೋಡಿಸಿಟ್ಟಿದ್ದನ್ನು ನೋಡಿ ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿದ್ದೇನೆ. ಸ್ವಾತಂತ್ರ್ಯ ದಿನಾಚರಣೆಗೆ, ಗಣರಾಜ್ಯೋತ್ಸವಕ್ಕೆ ಹುಡುಗಿಯರಿಂದ ಸಾಮೂಹಿಕ ಕವಾಯತು ಮಾಡಿಸುವುದು ಅವರ ಮೂವತ್ತು ವರ್ಷದ ಕೆಲಸ. "ಒಬ್ಬಳು ಎದ್ದು ಕಂಡ್ರೆ ಎಲ್ರೂ ಬಿದ್ದಂಗೆ ಕಣ್ರೇ" ಎನ್ನುವುದು ಅವರ ಮಂತ್ರ. ಯಾರೂ ಎದ್ದು ಕಾಣದಂತೆ ಮಾಡುವುದಕ್ಕೆ ಇಷ್ಟೊಂದು ಬೆವರು ಸುರಿಸುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಆ ವರ್ಷ ಶಾಲೆಗೆ ದೊಡ್ಡ ಟಿ.ವಿ. ಬಂದಿತ್ತು. ಎಂಟನೇ ಕ್ಲಾಸಿನವರಿಗೆ ಇಂಗ್ಲಿಷ್ ಕ್ರಿಯಾಪದ ಕಲಿಸಲು ಮಾತು ಕಡಿಮೆ, ಓಡಾಟ ಜಾಸ್ತಿ ಇರುವ ವಿಡಿಯೋ ಹುಡುಕುತ್ತಿದ್ದೆ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಹಾಲಿವುಡ್ಡಿನಲ್ಲಿ ತೆಗೆದ ಹಾಡು-ಕುಣಿತದ ಒಂದು ತುಣುಕು ಸಿಕ್ಕಿತು. ಕಪ್ಪು ಬಿಳುಪು. ತುತ್ತೂರಿ, ಡ್ರಮ್ಮು, ಪಿಯಾನೊ ಸೇರಿ ಗದ್ದಲ ಎಬ್ಬಿಸುವ ಜಾಝ್ ಸಂಗೀತ. ಮಿನುಗುವ ತುಂಡು ಬಟ್ಟೆ ತೊಟ್ಟ ನೂರಾರು ಹುಡುಗಿಯರು ಕಾಲು ಎತ್ತಿ ಇಳಿಸುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಬಿಳಿ ಗರಿಯ ಬೀಸಣಿಗೆ ಬೀಸುತ್ತಾರೆ. ನಾನು "ಶಿ ಈಸ್ ಜಂಪಿಂಗ್" ಎನ್ನುತ್ತಿದ್ದೆ, ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಕಿಟಕಿಯ ಹೊರಗಿನಿಂದ ಗದರಿಕೆ ಬಂತು.

"ಬಟ್ಟೆ ನೋಡ್ಬೇಡ್ರೇ, ಸಾಲು ನೋಡಿ."

ಮೇಷ್ಟ್ರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಅಷ್ಟರಲ್ಲಿ ಕ್ಯಾಮೆರಾ ಮಾಳಿಗೆಯ ಎತ್ತರಕ್ಕೆ ಹೋಯಿತು. ಅಲ್ಲಿಂದ ಕೆಳಗೆ ನೋಡಿದರೆ ಹುಡುಗಿಯರೇ ಇಲ್ಲ. ವೃತ್ತದೊಳಗೆ ವೃತ್ತವಾಗಿ ಮಲಗಿದ ಅವರು ಒಂದು ದೊಡ್ಡ ಹೂವಾಗಿದ್ದರು. ಹೂವು ಬಿಚ್ಚಿಕೊಂಡಿತು, ಮುಚ್ಚಿಕೊಂಡಿತು. ಪೀರಿಯಡ್ ಮುಗಿದ ಮೇಲೆ ಮೇಷ್ಟ್ರು ಒಳಗೆ ಬಂದರು.

"ಇನ್ನೊಂದು ಸಲ ಹಾಕಿ ಮೇಡಂ."

"ಡ್ಯಾನ್ಸ್ ಇಷ್ಟವಾಯ್ತಾ ಮೇಷ್ಟ್ರೇ?" ಎಂದು ಕೀಟಲೆ ಮಾಡಿದೆ.

"ಡ್ಯಾನ್ಸ್ ಅಂತ ಯಾರು ಹೇಳಿದ್ದು? ಇದು ಕವಾಯತು. ಒಬ್ಬಳಾದ್ರೂ ಪಕ್ಕದೋಳ ಕಾಲು ನೋಡ್ತಾಳಾ ಹೇಳಿ. ಎಣಿಕೆ ಒಳಗಡೆ ಐತೆ." ಹೂವು ಮತ್ತೆ ಬಂದಾಗ ಪರದೆಗೆ ಬೆರಳು ಮುಟ್ಟಿಸಿದರು. "ಇದನ್ನ ತೆಗ್ದೋನು ಎಲ್ಲಿ ನಿಂತವ್ನೆ ನೋಡಿ. ಮೇಲೆ. ಮೂವತ್ತು ವರ್ಷ ನಾನು ಮಕ್ಕಳನ್ನ ನೆಲದ ಮೇಲೆ ನಿಂತು ನೋಡ್ಬುಟ್ಟೆ."

ಅಂದಿನಿಂದ ಅವರಿಗೆ ಇದೇ ಹುಚ್ಚು. ಬಿಡುವು ಸಿಕ್ಕಾಗಲೆಲ್ಲ ನನ್ನ ಮೊಬೈಲಿನಲ್ಲಿ ಆ ಕಾಲದ ಕುಣಿತಗಳನ್ನು ಹಾಕಿಸಿಕೊಂಡು ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಡುತ್ತಿದ್ದರು. ಬೂಟಿಗೆ ಕಬ್ಬಿಣ ಬಡಿದುಕೊಂಡು ಮರದ ಹಲಗೆಯ ಮೇಲೆ ಟಕಟಕ ಕುಣಿಯುವವರನ್ನು ಕಂಡಾಗ ತಮ್ಮ ಕಾಲನ್ನೇ ಎತ್ತಿ ಲಾಳ ನೋಡಿಕೊಂಡರು. ಆದರೆ ಒಂದು ವಿಷಯಕ್ಕೆ ಮಾತ್ರ ಅವರಿಗೂ ಜಾಝ್‌ಗೂ ಜಗಳ. ಎಡ-ಬಲ, ಎಡ-ಬಲ ಎಂದು ಹೇಳಿಕೊಂಡು ಬಂದ ಕಿವಿಗೆ ಆ ಸಂಗೀತದ ಪೆಟ್ಟು ಕೂರುತ್ತಿರಲಿಲ್ಲ. "ಈ ತುತ್ತೂರಿಯೋನು ಬೇಕಂತ್ಲೇ ಎಣಿಕೆ ತಪ್ತಾವ್ನೆ" ಎಂದು ಮೂರು ದಿನ ಸಿಡಿಮಿಡಿಗೊಂಡರು. ನಾಲ್ಕನೆಯ ದಿನ ನಾನು ಅವರನ್ನು ಕಾರಿಡಾರಿನಲ್ಲಿ ಕಂಡದ್ದು. ಟಕ್ ಎಂದು ಬೀಳಬೇಕಾದ ಲಾಳ ಒಂದು ಗಳಿಗೆ ತಡೆದು, ಎಣಿಕೆಯ ಸಂದಿಯಲ್ಲಿ ಬೀಳುತ್ತಿತ್ತು. ಸರಿಯಾಗಿ ಬೀಳುತ್ತಿತ್ತು. ನನ್ನನ್ನು ಕಂಡು ನಾಚಲಿಲ್ಲ, ನಿಲ್ಲಿಸಲೂ ಇಲ್ಲ.

"ಗೊತ್ತಾಯ್ತು ಮೇಡಂ. ಇದು ನಮ್ಮಪ್ಪನ ತಮಟೆ ಪೆಟ್ಟು. ಎಣಿಕೆ ಮ್ಯಾಲೆ ಬೀಳಲ್ಲ, ಎಣಿಕೆ ಪಕ್ಕಕ್ಕೆ ಬೀಳ್ತದೆ."

ಅವರ ಊರು ಪಾವಗಡದ ಆಚೆ, ತಿರುಮಣಿ ಕಡೆ. ತಂದೆ ಊರಿನ ತಮಟೆಯವರು. ಯಾರು ಸತ್ತರೂ, ಯಾವ ದೇವರು ಹೊರಟರೂ ಅಪ್ಪ ಮುಂದೆ. ದೇವರು ಗುಡಿಯೊಳಕ್ಕೆ ಹೋದರೆ ಅಪ್ಪ ಹೊರಗೆ. ಮಗ ಮೇಷ್ಟ್ರ ಟ್ರೈನಿಂಗಿಗೆ ಸೇರಿದ ವರ್ಷ ಅವರು ತಮಟೆ ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ. ಈಗ ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ತಮಟೆ ಇಲ್ಲ. "ಅಪ್ಪ ಕೈಯಾಗೆ ಬಿಟ್ಟಿದ್ದನ್ನ ನಾನು ಕಾಲಾಗೆ ಹಿಡ್ಕಂಡಿವ್ನಿ ಬುಡಿ" ಎಂದು ನಕ್ಕರು.

ನಾನು ಓದಿಕೊಂಡಿದ್ದನ್ನು ಅವರಿಗೆ ಹೇಳಿದೆ. ಈ ಸಂಗೀತ ಹುಟ್ಟಿಸಿದವರು ಅಮೆರಿಕದ ಕರಿಯ ಜನ, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ಆದರೆ ಈ ಸಿನಿಮಾಗಳ ಹೂವಿನೊಳಗೆ ಅವರ ಹುಡುಗಿಯರಿಗೆ ಜಾಗವಿರಲಿಲ್ಲ, ಬಾಗಿಲು ತೆಗೆಯುವ ಪಾತ್ರ ಸಿಕ್ಕರೆ ಹೆಚ್ಚು ಎಂದೆ. ಅವರು ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಬಾರ್ಸೋರು ಹೊರಗೆ, ಕುಣಿಯೋರು ಒಳಗೆ. ನಂಗೆ ಗೊತ್ತಿರೋ ಊರೇ ಬುಡಿ ಇದು."

ಇನ್ನು ನೋಡುವುದಿಲ್ಲವೇನೋ ಅಂದುಕೊಂಡೆ. ಮಾರನೆಯ ದಿನ ಅರವತ್ತು ಹುಡುಗಿಯರನ್ನು ಆರಿಸಿ ಮೈದಾನದಲ್ಲಿ ಮೂರು ಚಕ್ರ ಬರೆದಿದ್ದರು. ಒಳಗೆ ಹನ್ನೆರಡು, ನಡುವೆ ಇಪ್ಪತ್ತು, ಹೊರಗೆ ಇಪ್ಪತ್ತೆಂಟು. ಗರಿಯ ಬೀಸಣಿಗೆಗೆ ಎಲ್ಲಿ ಹೋಗುವುದು? "ಮೊರ ಐತಲ್ಲ" ಎಂದರು. ಪ್ರತಿ ಹುಡುಗಿಯೂ ಮನೆಯಿಂದ ಒಂದು ಮೊರ ತರಬೇಕು. ಒಂದು ಮಗ್ಗುಲಿಗೆ ಸುಣ್ಣ, ಇನ್ನೊಂದಕ್ಕೆ ಕೆಮ್ಮಣ್ಣು. ಮಲಗಿಕೊಂಡು ಮೊರವನ್ನು ಮುಖದ ಮೇಲೆ ಹಿಡಿದು ತಿರುಗಿಸಿದರೆ ಬಿಳಿ ಹೂವು ನಡುವಿನಿಂದ ಕೆಂಪಾಗುತ್ತಾ ಹೋಗಬೇಕು, ಅದೂ ಎಣಿಕೆಯ ಸಂದಿಯಲ್ಲಿ. ರಾಗಿ ಕೇರುವ ಮೊರಕ್ಕೆ ಸುಣ್ಣ ಬಳಿದರೆಂದು ಮನೆಮನೆಯಲ್ಲೂ ಗೊಣಗಾಟ ಎದ್ದಿತು. "ಹುಟ್ಟಿದಾಗ ಮೊರದಾಗೆ ಮಲಗಿಸಿದ್ದೋ, ಈಗ ಇವ್ರು ಮಗೀನ ಮ್ಯಾಲೆ ಮೊರ ಮಲಗಿಸವ್ರೆ" ಎಂದು ಅಜ್ಜಿಯೊಬ್ಬರು ಗೇಟಿಗೆ ಬಂದು ಹೇಳಿ ಹೋದರು. ಮೇಷ್ಟ್ರು ಅವರಿಗೂ ಎಡಗಡೆಯಿಂದ ಹೋಗಲು ಹೇಳಿದರು.

ಸ್ವಾತಂತ್ರ್ಯ ದಿನಾಚರಣೆ ಬಂತು. ಶಾಮಿಯಾನದ ಕೆಳಗೆ ಕುರ್ಚಿಗಳಲ್ಲಿ ಅತಿಥಿಗಳು, ಕಾಂಪೌಂಡಿನ ಹೊರಗೆ ಗೋಡೆಗೆ ಗದ್ದ ಆನಿಸಿ ನಿಂತ ತಾಯಂದಿರು. ನಮ್ಮ ಕಡೆ ಆಗಸ್ಟ್ ಹದಿನೈದು ಎಂದರೆ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬಂದು, ಉದ್ದುದ್ದ ಭಾಷಣ ಕೇಳಿ, ಇಬ್ಬರೋ ಮೂವರೋ ತಲೆ ಸುತ್ತಿ ಬೀಳುವುದು ವಾಡಿಕೆ. ಅದಕ್ಕೆಂದೇ ಗೇಟಿನ ಬಳಿ ಬಿಂದಿಗೆಯಲ್ಲಿ ನೀರು ಇಟ್ಟಿರುತ್ತಾರೆ. ಕವಾಯತು ಏನೆಂದು ಮೊದಲೇ ಮೈಕಿನಲ್ಲಿ ವಿವರಿಸಿ ಎಂದು ನಾನು ಮೇಷ್ಟ್ರಿಗೆ ಹೇಳಿದ್ದೆ. "ನೋಡೋರಿಗೆ ಗೊತ್ತಾಯ್ತದೆ" ಎಂದಿದ್ದರು.

ಜಾಝ್ ಶುರುವಾಯಿತು. ಹುಡುಗಿಯರು ಚಕ್ರಗಳಲ್ಲಿ ಓಡಿ ಬಂದು ನಿಂತರು. ಮೇಷ್ಟ್ರು ಸೀಟಿ ಊದಿದರು. ಅರವತ್ತು ಜನವೂ ಒಟ್ಟಿಗೆ, ಒಂದೇ ಕ್ಷಣಕ್ಕೆ, ದೊಪ್ಪನೆ ನೆಲಕ್ಕೆ ಬಿದ್ದರು. ಅಷ್ಟು ಚೆನ್ನಾಗಿ ಬಿದ್ದದ್ದೇ ತಪ್ಪಾಯಿತು. ಕಾಂಪೌಂಡಿನ ಹೊರಗೆ ಒಂದು ಕೂಗು ಎದ್ದಿತು, ಗೇಟು ತೆರೆದುಕೊಂಡಿತು. ಎಲ್ಲರಿಗಿಂತ ಮುಂದೆ ಓಡಿ ಬಂದವಳು ಗಂಗರತ್ನಮ್ಮ, ಹತ್ತನೇ ಕ್ಲಾಸಿನ ಚೈತ್ರಳ ತಾಯಿ. ಗೇಟಿನ ಬಳಿಯಿಂದ ಎತ್ತಿಕೊಂಡ ಬಿಂದಿಗೆಯನ್ನು ಮಗಳ ಮುಖಕ್ಕೆ, ಮೊರ ಸಮೇತ, ಸುರಿದೇಬಿಟ್ಟಳು; ಹಿಂದೆ ಬಂದ ತಾಯಂದಿರೂ ಸುರಿದರು. ಸುಣ್ಣ, ಕೆಮ್ಮಣ್ಣು, ನೀರು ಸೇರಿ ಹುಡುಗಿಯರೆಲ್ಲ ರಾಡಿಯಾದರು. ಅತಿಥಿಗಳು ಎದ್ದು ನಿಂತು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ತುತ್ತೂರಿಯವನು ಮಾತ್ರ ಮೈಕಿನಲ್ಲಿ ಊದುತ್ತಲೇ ಇದ್ದ.

ಸಂಜೆ ಹೆಡ್‌ಮಾಸ್ತರು ಎಲ್ಲರನ್ನೂ ಕೂರಿಸಿಕೊಂಡು, "ಇದು ಯಾರ ಐಡಿಯಾ?" ಎಂದು ಕೇಳಿದರು. ನಾನು ನನ್ನ ಬ್ಯಾಗಿನ ಜಿಪ್ಪು ನೋಡುತ್ತಾ ಕೂತೆ. ಮೊದಲ ಪೋಸ್ಟಿಂಗು, ಹೆದರಿಕೆ. "ನಂದೇ ಸಾರ್" ಎಂದರು ಮೇಷ್ಟ್ರು. ಬಸ್ಸಿಗೆ ಹೋಗುವಾಗ ಕ್ಷಮೆ ಕೇಳಿದೆ. ಆ ವಿಷಯ ಅವರ ಕಿವಿಗೇ ಬೀಳಲಿಲ್ಲ, ಬೇರೇನೋ ಲೆಕ್ಕ ಹಾಕುತ್ತಿದ್ದರು.

"ತಪ್ಪು ಮಕ್ಕಳದ್ದಲ್ಲ ಮೇಡಂ, ಆ ತಾಯಂದಿರದ್ದೂ ಅಲ್ಲ. ಕುರ್ಚಿದು. ಹೂವ ನೋಡೋ ಜಾಗದಾಗೆ ಕುರ್ಚಿ ಹಾಕಿಲ್ಲ."

ನಮ್ಮ ಮೈದಾನದ ಪಕ್ಕಕ್ಕೆ ಒಂದು ಬೋಳು ಬಂಡೆ ಇದೆ. ಎರಡು ಮಾಳಿಗೆಯ ಎತ್ತರ. ಹಿಂದಿನಿಂದ ಸಲೀಸಾಗಿ ಹತ್ತಬಹುದು. ಹೆಂಗಸರು ಅಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ಒಣಗಿಸುತ್ತಾರೆ. ಶಾಲಾ ವಾರ್ಷಿಕೋತ್ಸವದ ದಿನ ಅತಿಥಿಗಳನ್ನು ಅದರ ಮೇಲೆ ಕೂರಿಸೋಣ ಎಂದು ಮೇಷ್ಟ್ರು ಕೇಳಿದರು. ಹೆಡ್‌ಮಾಸ್ತರು ಕೈ ಮುಗಿದರು. "ಅವರಿಗೆಲ್ಲ ಮಂಡಿನೋವು ಮೇಷ್ಟ್ರೇ. ನನ್ನ ಬಿಟ್ಟುಬಿಡಿ." ಜನವರಿ ಕೊನೆಗೆ ಮೇಷ್ಟ್ರ ನಿವೃತ್ತಿ. ಮೂವತ್ತು ವರ್ಷದ ಕವಾಯತಿನಲ್ಲಿ ಒಂದನ್ನಾದರೂ ಯಾರಾದರೂ ಪೂರ್ತಿ ನೋಡಬೇಕು ಎಂಬ ಆಸೆ ಅವರದು. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. "ನೋಡ್ದೆ ಹೋದ್ರೆ ನಾನು ಮೂವತ್ತು ವರ್ಷ ಸುಣ್ಣ ಚೆಲ್ಲಿದಂಗಾಯ್ತು ಮೇಡಂ."

ಆಮೇಲೆ ಅವರೇ ದಾರಿ ಕಂಡುಕೊಂಡರು. ಶನಿವಾರ ಬೆಳಗಿನ ಸಾಮೂಹಿಕ ಕವಾಯತಿಗೆ ಯಾರ ಅಪ್ಪಣೆಯೂ ಬೇಡ, ಆ ಪೀರಿಯಡ್ ಅವರದೇ. ಅತಿಥಿಗಳಿಗೆ ಮಂಡಿನೋವಾದರೆ ಬೇಡ. ಬಿಂದಿಗೆ ಹಿಡಿದು ಓಡಿ ಬಂದವರೇ ಬರಲಿ. ಸಂಜೆಯ ಹೊತ್ತು ಬೀದಿಬೀದಿ ತಿರುಗಿ ತಾಯಂದಿರನ್ನು ಕರೆದರು. ಒಂದು ದಿನ ನಾನೂ ಜೊತೆಗಿದ್ದೆ. ಗಂಗರತ್ನಮ್ಮ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು.

"ಬ್ಯಾಡ ಸಾ. ಅವತ್ತು ಓಡ್ಬಂದು ನಗೆಪಾಟ್ಲಾದ್ವಿ. ಊರೋರು ಇವತ್ಗೂ ನನ್ನ ಬಿಂದಿಗೆ ಗಂಗರತ್ನಿ ಅಂತಾರೆ."

"ಅವತ್ತು ನಿನ್ನ ಗೋಡೆ ಹಿಂದೆ ನಿಲ್ಸಿದ್ರು ಕಣಮ್ಮ, ಅದಕ್ಕೆ ಹಂಗಾಯ್ತು. ಈ ಸಲ ನಿಂದೇ ಮೊದಲ್ನೇ ಸಾಲು."

"ಕೂಲಿಗೋಗ್ಬೇಕು ಸಾ."

"ಬಿಸ್ಲು ಏರೋಕ್ಮುಂಚೆ ಮುಗ್ದೋಗ್ತದೆ."

ಅವಳು ಹೂಂ ಅನ್ನಲಿಲ್ಲ. ಬೇರೆ ಮನೆಗಳಲ್ಲೂ ಹೀಗೇ. ಒಬ್ಬರೂ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಮೇಷ್ಟ್ರಿಗೆ ಮಾತ್ರ ಅಂಥ ಅನುಮಾನವೇ ಇಲ್ಲ. ಶುಕ್ರವಾರ ಬಂಡೆಯ ಮೇಲೂ ಸುಣ್ಣದಲ್ಲಿ ಸಾಲು ಎಳೆದು, ಕೂರಲು ಅರವತ್ತು ಜಾಗ ಗುರುತು ಮಾಡಿಬಂದರು.

ಅದು ಅವರ ಕೊನೆಯ ಶನಿವಾರ. ನಾನು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಬಂಡೆ ಖಾಲಿ ಇತ್ತು. ಮೇಷ್ಟ್ರು ಬೂಟು ತಿಕ್ಕಿಕೊಂಡು, ಸೀಟಿ ಹಿಡಿದು ಚಕ್ರದ ನಡುವೆ ನಿಂತಿದ್ದರು. ಒಂದು ಸಲವೂ ಆ ಕಡೆ ತಿರುಗಲಿಲ್ಲ. ಹುಡುಗಿಯರು ಕದ್ದು ಕದ್ದು ನೋಡುತ್ತಿದ್ದರು. ಕೊನೆಗೆ ಬಂಡೆಯ ಹಿಂದಿನಿಂದ ಒಂದು ಸೆರಗು ಕಂಡಿತು. ಗಂಗರತ್ನಮ್ಮ. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಒಂದು ಗುಂಪು, ಮೊರದ ಅಜ್ಜಿ ಕೂಡ. ಕುಡುಗೋಲು, ಬುತ್ತಿ ಹಿಡಿದು ಕೂಲಿಗೆ ಹೊರಟವರು ಹಾಗೇ ಬಂದಿದ್ದರು. ಸುಣ್ಣದ ಗುರುತಿನ ಮೇಲೆ ಯಾರೂ ಕೂರಲಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಗುಂಪಾಗಿ ಕೂತರು.

ಆಗ ಚೈತ್ರ ಸಾಲು ಬಿಟ್ಟು ಮುಂದೆ ಬಂದಳು. "ಸಾರ್, ನೀವೂ ಮ್ಯಾಲೆ ಹೋಗಿ."

"ನಾನು ಹೋದ್ರೆ ಸೀಟಿ ಯಾರು ಊದ್ತಾರೆ?"

"ಎಣಿಕೆ ಒಳಗಡೆ ಐತೆ ಸಾರ್."

ಅಭ್ಯಾಸದಲ್ಲಿ ಕೇಳಿದ ಅವರ ಮಾತನ್ನೇ ಅವರಿಗೆ ಹೇಳಿದ ಹುಡುಗಿಯನ್ನು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬಂಡೆ ಹತ್ತಿದರು, ನಾನೂ ಸ್ಪೀಕರ್ ಹಾಕಿ ಹಿಂದೆ ಓಡಿದೆ. ಸೀಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಅಂಚಿಗೆ ಬಂದು ನಿಂತರು.

ಹುಡುಗಿಯರು ಮಲಗಿದರು. ಅರವತ್ತು ಬಿಳಿ ಮೊರಗಳು. ತುತ್ತೂರಿ ಒಂದು ಗಳಿಗೆ ತಡೆಯಿತು, ಆ ಸಂದಿಯಲ್ಲೇ ಒಳಚಕ್ರದ ಹನ್ನೆರಡು ಮೊರ ಕೆಂಪಾದವು. ಆಮೇಲೆ ಇಪ್ಪತ್ತು, ಆಮೇಲೆ ಇಪ್ಪತ್ತೆಂಟು. ಹೂವು ಅರಳಿತು, ಮುಚ್ಚಿತು, ಮತ್ತೆ ಅರಳಿತು. ಗಂಗರತ್ನಮ್ಮ ಕತ್ತು ಚಾಚಿ ಹುಡುಕುತ್ತಿದ್ದಳು.

"ಸಾ, ನಮ್ಮ ಚೈತ್ರ ಯಾವ್ದು?"

"ಹುಡುಕ್ಬೇಡ ಕಣಮ್ಮ. ಸಿಕ್ಕಿದ್ರೆ ತಪ್ಪಾಗೈತೆ ಅಂತ."

"ಅದೆಂಗ್ ಸಾ? ನಾನು ಅವಳ್ನೇ ನೋಡಾಕೆ ಬಂದಿರಾದು."

ಕೊನೆಯ ಎಣಿಕೆಗೆ ಮೊರಗಳೆಲ್ಲ ಮುಖದ ಮೇಲಿಂದ ಎದೆಯ ಮೇಲಕ್ಕೆ ಇಳಿಯಬೇಕು, ಕಣ್ಣು ಮುಚ್ಚಿರಬೇಕು. ಇಳಿದವು. ಅಷ್ಟು ವರ್ಷ ಕವಾಯತು ಮಾಡಿದ ಹುಡುಗಿಯರಿಗೆ ಕಾಣುತ್ತಿದ್ದದ್ದು ಮುಂದಿನವಳ ಜಡೆ ಮಾತ್ರ. ಈಗ ಅಂಗಾತ ಮಲಗಿದ್ದರಿಂದ ಕಣ್ಣು ಬಿಟ್ಟರೆ ಕಾಣುವುದು ಬಂಡೆ, ಬಂಡೆಯ ಮೇಲೆ ಕೂತ ಅಮ್ಮಂದಿರು. ನಡುಚಕ್ರದಲ್ಲಿ ಒಬ್ಬಳು ಕಣ್ಣು ಬಿಟ್ಟಳು. ಬಿಟ್ಟವಳು ಸುಮ್ಮನಿರಲಾರದೆ ಕೈ ಎತ್ತಿ ಬೀಸಿದಳು. ಚೈತ್ರ. ಗಂಗರತ್ನಮ್ಮ ಎದ್ದು ನಿಂತು ಎರಡೂ ಕೈ ಬೀಸಿದಳು. ಅಲ್ಲಿಗೆ ಮುಗಿಯಿತು. ಒಂದೊಂದೇ ಕೈ ಮೇಲೇಳುತ್ತಾ ಹೂವು ಚೂರುಚೂರಾಗಿ, ಕೆಳಗೆ ಅರವತ್ತು ಹುಡುಗಿಯರು ಉಳಿದರು.

ಸೀಟಿ ಊದುತ್ತಾರೆಂದು ಕಿವಿ ಮುಚ್ಚಿಕೊಳ್ಳಲು ನಾನು ಸಿದ್ಧಳಾಗಿದ್ದೆ. ಮೇಷ್ಟ್ರು ಹಲ್ಲಿನಿಂದ ಸೀಟಿ ತೆಗೆದರು. ಅವರ ಬಲಗೈ ಸೆಲ್ಯೂಟಿಗೆ ಏಳುವ ಹಾಗೆ ಎದ್ದು, ಹಣೆಯ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ಬೀಸತೊಡಗಿತು.

ನಿವೃತ್ತಿಯಾದ ಮೇಲೆ ಅವರು ಊರಿಗೆ ಹೋದರು, ನನಗೆ ಸಿರಾ ಕಡೆಗೆ ವರ್ಗವಾಯಿತು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಚೈತ್ರಳ ಫೋನಿನಿಂದ ತಿಳಿಯಿತು. ಅಂದು ನನಗೆ ಪಾಠ ಮಾಡಲಾಗಲಿಲ್ಲ. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಅದಕ್ಕೂ ನಾಲ್ಕು ತಿಂಗಳ ಹಿಂದೆ, ತಿರುಮಣಿಯ ಹತ್ತಿರದ ಅವರ ಮನೆಯಲ್ಲಿ. ಅವರ ಅತ್ತಿಗೆ ತೆಲುಗಿನಲ್ಲಿ "ಕೂಚೋಂಡಿ ಮೇಡಂ" ಎಂದು ಕೂರಲು ಚಾಪೆ ಹಾಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಮೇಷ್ಟ್ರು ಇನ್ನೂ ತೆಳ್ಳಗಾಗಿದ್ದರು, ಗತ್ತು ಮಾತ್ರ ಹಾಗೇ ಇತ್ತು. ಊಟವಾದ ಮೇಲೆ "ಒಂದು ತೋರಿಸ್ತೀನಿ ಬನ್ನಿ" ಎಂದು ಊರ ಹಿಂದಿನ ದಿಬ್ಬಕ್ಕೆ ಕರೆದುಕೊಂಡು ಹೋದರು.

ಅವರ ಅಣ್ಣನ ಹೊಲವೂ ಸೇರಿ ಅಲ್ಲಿನ ನೆಲವೆಲ್ಲ ಸೋಲಾರ್‌ನವರಿಗೆ ಗುತ್ತಿಗೆಗೆ ಹೋಗಿತ್ತು. ದಿಬ್ಬದಿಂದ ಕೆಳಗೆ ನೋಡಿದರೆ ಕಣ್ಣು ಹರಿಯುವಷ್ಟು ದೂರ ಕಡುನೀಲಿ ಹಲಗೆಗಳು, ಸಾಲಿನ ಹಿಂದೆ ಸಾಲು, ಎಲ್ಲವೂ ಒಂದೇ ಕಡೆ ಮುಖ ಮಾಡಿ, ಒಂದೇ ಓರೆಯಲ್ಲಿ ನಿಂತಿದ್ದವು.

"ನೋಡಿ ಮೇಡಂ, ಮೂವತ್ತು ವರ್ಷ ನಾನು ಒದ್ದಾಡಿದ್ದು ಇದಕ್ಕೇಯ. ಒಂದಾದ್ರೂ ಸಾಲು ತಪ್ಪೈತಾ?"

"ಇಲ್ಲ ಮೇಷ್ಟ್ರೇ. ಒಂದೂ ಎದ್ದು ಕಾಣ್ತಿಲ್ಲ."

ಅವರು ಹಲಗೆಗಳ ಕಡೆಯಿಂದ ಮುಖ ತಿರುಗಿಸಿಕೊಂಡರು.

"ಒಂದೂ ಕೈ ಎತ್ತಲ್ಲ ಕಣಮ್ಮ" ಎಂದರು.